ಮೆಗಾಕ್ಯಾರಿಯೋಬ್ಲಾಸ್ಟಿಕ್ ಲ್ಯುಕೇಮಿಯಾವನ್ನು ಖಚಿತಪಡಿಸುವುದು ಹೇಗೆ?

ನಿಮ್ಮ ಅಣ್ಣನವರಿಗೆ ಮೊದಲು 'ಡ್ರೈ ಟ್ಯಾಪ್' (ಮೂಳೆಮಜ್ಜೆಗೆ ಸೂಜಿ ಹಾಕಿ ಎಳೆದರೂ ಏನೂ ಬಾರದಿರುವುದು) ಎಂದು ಬರೆದುಕೊಟ್ಟು, ಎಷ್ಟೋ ದಿನಗಳ ಬಳಿಕ ಅಕ್ಯೂಟ್ ಮೆಗಾಕ್ಯಾರಿಯೋಬ್ಲಾಸ್ಟಿಕ್ ಲ್ಯುಕೇಮಿಯಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಎಂದು ವರದಿ ಕೊಟ್ಟರು, ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಇಂಥ ಸ್ಲೈಡುಗಳನ್ನು ನೋಡುವುದೇ ನನ್ನ ವೃತ್ತಿ. ಈ ಕಾಯಿಲೆಯಲ್ಲಿ ಡ್ರೈ ಟ್ಯಾಪ್ ಸಾಮಾನ್ಯ. ಅದನ್ನು ವೈದ್ಯರ ಕೈತಪ್ಪೆಂದು ಭಾವಿಸಬೇಡಿ.

ಪ್ಲೇಟ್‌ಲೆಟ್‌ಗಳನ್ನು ತಯಾರಿಸುವ ಮೆಗಾಕ್ಯಾರಿಯೋಸೈಟ್ ಕೋಶಗಳ ಎಳೆಯ ರೂಪಗಳೇ ಇಲ್ಲಿ ಕ್ಯಾನ್ಸರ್ ಆಗಿ ಬೆಳೆದಿರುತ್ತವೆ. ಅವು ಸ್ರವಿಸುವ ಅಂಶಗಳಿಂದ ಮಜ್ಜೆಯೊಳಗೆ ರೆಟಿಕ್ಯುಲಿನ್ ನಾರು ಹೆಣೆದುಕೊಳ್ಳುವುದರಿಂದ, ಸೂಜಿ ಸರಿಯಾದ ಜಾಗದಲ್ಲೇ ಇದ್ದರೂ ಸಿರಿಂಜಿಗೆ ಏನೂ ಬರುವುದಿಲ್ಲ. ಆಗ ಸೊಂಟದ ಮೂಳೆಯಿಂದ ತೆಗೆದ ಬಯಾಪ್ಸಿ ತುಣುಕೇ ಮುಖ್ಯ ಆಧಾರ. ಅದನ್ನು ಫಾರ್ಮಲಿನ್‌ಗೆ ಹಾಕುವ ಮುನ್ನ ಸ್ಲೈಡಿನ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆದರೆ, ಅಂಚಿನಲ್ಲಿ ಗುಳ್ಳೆಗುಳ್ಳೆಯಾಗಿ ಉಬ್ಬಿದ ಬ್ಲಾಸ್ಟ್ (ಎಳೆಯ ಕ್ಯಾನ್ಸರ್) ಕೋಶಗಳು ಅದೇ ದಿನ ಕಾಣಸಿಗಬಹುದು. ಆದರೆ ಮೂಳೆಯ ಸುಣ್ಣದಂಶ ಕರಗಿಸಿ, ತೆಳುವಾಗಿ ಕತ್ತರಿಸಿ, ಹಲವು ಬಣ್ಣಗಳಲ್ಲಿ ಪರೀಕ್ಷಿಸುವುದಕ್ಕೆ ದಿನಗಳೇ ಹಿಡಿಯುತ್ತವೆ.

ರೂಪ ನೋಡಿ ಮಾತ್ರ ಈ ಹೆಸರು ಕೊಡಲಾಗದು. ಮೈಲೋಪೆರಾಕ್ಸಿಡೇಸ್ (ಹಲವು ಅಕ್ಯೂಟ್ ಲ್ಯುಕೇಮಿಯಾಗಳಲ್ಲಿ ಕಾಣುವ ಕಿಣ್ವ) ಪರೀಕ್ಷೆ ನೆಗೆಟಿವ್ ಬರುವುದರಿಂದ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬೇರೆ ಬಗೆಯ ರಕ್ತದ ಕ್ಯಾನ್ಸರ್ ಎನಿಸಬಹುದು. ಕೋಶಗಳು ಗುಂಪುಗೂಡಿದ್ದರೆ ಬೇರೆ ಅಂಗದಿಂದ ಹರಡಿದ ಗಡ್ಡೆಯಂತೆಯೂ ತೋರಬಹುದು. 1985ರಲ್ಲಿ ಎಫ್‌ಎಬಿ (ಫ್ರೆಂಚ್-ಅಮೆರಿಕನ್-ಬ್ರಿಟಿಷ್) ತಂಡ ಇದನ್ನು ಎಂ7 ಎಂದು ವರ್ಗೀಕರಿಸಿದಾಗಲೇ, ಕೋಶದ ಮೂಲವನ್ನು ಬೇರೆ ವಿಧಾನದಿಂದ ಸಾಬೀತುಪಡಿಸಬೇಕೆಂಬುದು ಸ್ಪಷ್ಟವಾಗಿತ್ತು. ಈಗ ಸಿಡಿ41, ಸಿಡಿ61, ಸಿಡಿ42ಬಿ ಎಂಬ, ಈ ಕೋಶಗಳ ಮತ್ತು ಪ್ಲೇಟ್‌ಲೆಟ್‌ಗಳ ಮೇಲಿರುವ ಪ್ರೋಟೀನ್ ಗುರುತುಗಳನ್ನು ಹುಡುಕುತ್ತೇವೆ. ಇಲ್ಲಿ ನನಗೆ ಸದಾ ಆತಂಕ ತರುವ ಒಂದು ಸಂಗತಿಯಿದೆ: ಬೇರಾವುದೋ ಬ್ಲಾಸ್ಟ್ ಕೋಶಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಂಡಿದ್ದರೂ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ದ್ರವದಲ್ಲಿ ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಪರೀಕ್ಷಿಸುವ ವಿಧಾನ) ಸಿಡಿ41 ಪಾಸಿಟಿವ್ ಎಂದು ಬರಬಹುದು. ಆದ್ದರಿಂದ ಕೋಶದೊಳಗೇ ಆ ಗುರುತು ಇದೆಯೆಂದು, ಅಥವಾ ಬಯಾಪ್ಸಿ ತುಣುಕಿನ ಇಮ್ಯುನೋಹಿಸ್ಟೋಕೆಮಿಸ್ಟ್ರಿಯಲ್ಲಿ (ಪ್ರೋಟೀನ್ ಗುರುತನ್ನು ಬಣ್ಣದಲ್ಲಿ ತೋರಿಸುವ ಪರೀಕ್ಷೆ) ಸಿಡಿ61 ಸ್ಪಷ್ಟವಾಗಿದೆಯೆಂದು ನೋಡಿದ ಮೇಲೆಯೇ ನಾನು ಸಹಿ ಹಾಕುತ್ತೇನೆ.

ನಿಮ್ಮ ವರದಿಯಲ್ಲಿ ಬ್ಲಾಸ್ಟ್‌ಗಳು ಶೇ. 20 ಅಥವಾ ಹೆಚ್ಚಿವೆಯೇ, ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಮೆಗಾಕ್ಯಾರಿಯೋಸೈಟ್ ವಂಶದವೇ ಎಂಬುದನ್ನು ನೋಡಿ. ಬಿಸಿಆರ್-ಎಬಿಎಲ್ ಎಂಬ ಬೆಸೆದ ವಂಶವಾಹಿಯ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರ್ ಉಲ್ಬಣಿಸಿದಾಗಲೂ ಹೀಗೆಯೇ ಕಾಣಬಹುದು, ಅದರ ಔಷಧವೇ ಬೇರೆ. ವಂಶವಾಹಿಗಳ ವರದಿಯಲ್ಲಿ 3ನೇ ಕ್ರೋಮೋಸೋಮಿನ ತಿರುವುಮುರುವು ಕಂಡುಬಂದರೆ ಕಾಯಿಲೆಯ ವರ್ಗವೂ ಮುಂದಿನ ಯೋಜನೆಯೂ ಬದಲಾಗುತ್ತವೆ.

ಎರಡನೇ ಅಭಿಪ್ರಾಯಕ್ಕೆ ಮತ್ತೆ ಸೂಜಿ ಚುಚ್ಚಿಸಬೇಕಾಗಿಲ್ಲ. ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕನ್ನೂ (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ತುಣುಕು) ಪ್ರಯೋಗಾಲಯದಿಂದ ಕೇಳಿ ಪಡೆದು, ಲ್ಯುಕೇಮಿಯಾ ಹೆಚ್ಚಾಗಿ ನೋಡುವ ಕೇಂದ್ರಕ್ಕೆ ಕೊಡಿ. ಅಷ್ಟರಲ್ಲಿ ಚಿಕಿತ್ಸೆ ಆರಂಭಿಸಬೇಕೆಂದು ನಿಮ್ಮ ವೈದ್ಯರು ಹೇಳಿದರೆ ಅದನ್ನು ತಡೆಹಿಡಿಯಬೇಡಿ.