ಪಕ್ಷವಿಲ್ಲದ ಸಂಘಕ್ಕೆ ನಿಲುವು ಯಾಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗಳು ಲೀಗ್ ಆಫ್ ವಿಮೆನ್ ವೋಟರ್ಸ್ (ಮಹಿಳಾ ಮತದಾರರ ಸಂಘ) ಸೇರಿದ್ದಾಳೆ. ಯಾವ ಪಕ್ಷದ್ದೂ ಅಲ್ಲ ಎನ್ನುತ್ತಾರೆ, ಆದರೂ ಸರ್ಕಾರದ ನೀತಿಗೆ ಪರ-ವಿರೋಧ ಹೇಳುತ್ತಾರಂತೆ. ಇದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಒಟ್ಟಿಗೆ ಇರಬಹುದು ಸರ್. 1920ರಲ್ಲಿ ಹೆಂಗಸರ ಮತದ ಹಕ್ಕಿನ ಹೋರಾಟಗಾರ್ತಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಕಟ್ಟಿದ ಸಂಸ್ಥೆ ಇದು. ಅಮೆರಿಕದ ಸಂವಿಧಾನದ ತಿದ್ದುಪಡಿಯಿಂದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಯಾವ ಅಭ್ಯರ್ಥಿಯನ್ನೂ, ಪಕ್ಷವನ್ನೂ ಇವರು ಬೆಂಬಲಿಸುವುದಿಲ್ಲ, ವಿರೋಧಿಸುವುದೂ ಇಲ್ಲ. ನಿಲುವು ಇರುವುದು ವಿಷಯದ ಮೇಲೆ ಮಾತ್ರ. ಅದೂ ಸುಮ್ನೆ ಹುಟ್ಟುವುದಿಲ್ಲ. ಸದಸ್ಯರು ಒಂದು ವಿಷಯ ಆರಿಸಿಕೊಂಡು, ಎರಡೂ ಕಡೆಯ ವಾದ ಓದಿ, ಊರೂರಿನ ಶಾಖೆಗಳಲ್ಲಿ ಕೂತು ಚರ್ಚಿಸಿ, ಒಮ್ಮತ ಮೂಡಿದ ಮೇಲೆಯೇ ಶಾಸಕರ ಮುಂದೆ ಹೋಗುತ್ತಾರೆ.

2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 11ನೇ ಪ್ರಸ್ತಾವ ಜನಮತಕ್ಕೆ ಬಂತು. ರಾಜ್ಯದ ಶಾಸಕರ ಕ್ಷೇತ್ರಗಳ ಗಡಿಯನ್ನು ಶಾಸಕರೇ ಗೀಚುವುದನ್ನು ತಪ್ಪಿಸಿ, 14 ನಾಗರಿಕರ ಆಯೋಗಕ್ಕೆ ಕೊಡಬೇಕು ಅಂತ. ಅಲ್ಲಿನ ಲೀಗ್ ಅದರ ಪರ ನಿಂತಿತು, ಪ್ರಸ್ತಾವ ಗೆದ್ದಿತು. ಗಡಿಯನ್ನು ತನಗೆ ಬೇಕಾದಂತೆ ಗೀಚಿ ತನ್ನ ಮತದಾರರನ್ನು ಶಾಸಕ ತಾನೇ ಆರಿಸಿಕೊಳ್ಳುವುದು ಯಾವ ಪಕ್ಷ ಮಾಡಿದರೂ ತಪ್ಪೇ ಅಲ್ವಾ? ಇಂಥ ಕಡೆ ಬಾಯಿ ಮುಚ್ಚಿಕೊಂಡಿರುವುದನ್ನು ನಿಷ್ಪಕ್ಷ ಎಂದು ನಾನಂತೂ ಕರೆಯಲಾರೆ.

ರಾಜ್ಯ ಶಾಖೆಯ ನಿಲುವುಗಳನ್ನು ಮಗಳು ಒಮ್ಮೆ ಪೂರ್ತಿ ಓದಲಿ. ಅಳಿಯನೂ ಸೇರಬಹುದು, 1973ರಿಂದ ಗಂಡಸರಿಗೂ ಪೂರ್ಣ ಸದಸ್ಯತ್ವ ಇದೆ.