ಮಾದರಿ ಉತ್ತರ ಮೊದಲು, ಪ್ರಶ್ನೆಪತ್ರಿಕೆ ಆಮೇಲೆ

ಪ್ರಶ್ನೆ: ಗದಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 14 ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಕೋಜಿ ಮಿಸ್ಟರಿ ಬರೆಯುವ ಹುಚ್ಚು ಹತ್ತಿದೆ. ನಿವೃತ್ತ ಶಿಕ್ಷಕಿಯೊಬ್ಬರು ಊರಿನ ಗುಟ್ಟು ಬಿಡಿಸುವ ಕಥೆ. ಬೇಸಿಗೆ ರಜೆಯಲ್ಲಿ ಮೂರು ಅಧ್ಯಾಯ ಆಗುತ್ತವೆ. ಶಾಲೆ ಶುರುವಾದ ಕೂಡಲೇ ನಿಂತುಬಿಡುತ್ತದೆ. ದಸರಾ ರಜೆಗೆ ಮತ್ತೆ ತೆಗೆದರೆ ಕಳ್ಳ ಯಾರು ಅಂತ ನನಗೇ ಮರೆತಿರುತ್ತದೆ! ನೌಕರಿ ಬಿಡದೆ ಇದನ್ನು ಮುಗಿಸಲು ಆಗುತ್ತದೆಯೇ?
— ಶಿಕ್ಷಕಿ, ಗದಗ

ಉತ್ತರ: ಅಕ್ಕೋರೇ, ಖಂಡಿತ ಆಗುತ್ತದೆ. ನೌಕರಿ ಮಾತ್ರ ಬಿಡಬೇಡಿ. ನಿಮ್ಮ ಕಥೆಯ ಅರ್ಧ ಸರಕು ಸ್ಟಾಫ್ ರೂಮಿನಲ್ಲೇ ಬಿದ್ದಿದೆ.

ಮೊದಲು ಉಳಿದ ಓದುಗರಿಗೆ ಒಂದು ಮಾತು. ಕೋಜಿ ಅಂದರೆ ರಕ್ತ ಕಾಣಿಸದ ಪತ್ತೇದಾರಿ ಕಥೆ. ಸಣ್ಣ ಊರು, ಒಬ್ಬರಿಗೊಬ್ಬರು ಗೊತ್ತಿರುವ ಹತ್ತು ಹನ್ನೆರಡು ಜನ. ಪತ್ತೆ ಹಚ್ಚುವವರು ಪೊಲೀಸರಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಾಗೆ ಅದನ್ನೇ ಉದ್ಯೋಗ ಮಾಡಿಕೊಂಡವರೂ ಅಲ್ಲ. ಚೀಲ ಹಿಡಿದು ಸಂತೆಗೆ ಹೋಗುವ ಯಾರೋ ಒಬ್ಬರು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1930ರಲ್ಲಿ ಮೊದಲ ಸಲ ಕಾದಂಬರಿಗೆ ಬಂದಳು. ಆಕೆಯ ಬಂಡವಾಳವೆಲ್ಲ ತನ್ನ ಹಳ್ಳಿಯ ಜನರ ಪರಿಚಯ. 'ಇವನು ನಮ್ಮೂರಿನ ಇಂಥವನ ಹಾಗೇ ಇದ್ದಾನಲ್ಲ' ಅನ್ನುವ ಹೋಲಿಕೆಯಿಂದಲೇ ಗುಟ್ಟು ಬಿಡಿಸುತ್ತಾಳೆ. ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿ ಕೇಳಿ 14 ವರ್ಷ ಸುಳ್ಳು ಆಲಿಸಿದ ನಿಮಗೆ ಆ ಬಂಡವಾಳ ಕಡಿಮೆಯೇ?

ನಿಮಗೆ ಕಳ್ಳ ಮರೆತುಹೋಗುತ್ತಿರುವುದು ನೀವು ಮಾದರಿ ಉತ್ತರ ಬರೆದುಕೊಳ್ಳದೆ ಪ್ರಶ್ನೆಪತ್ರಿಕೆ ತಯಾರಿಸುತ್ತಿರುವುದಕ್ಕೆ. ಶಾಲೆಯಲ್ಲಿ ಹಾಗೆ ಮಾಡುತ್ತೀರಾ? ನೀಲನಕ್ಷೆ, ಮಾದರಿ ಉತ್ತರ, ಅಂಕ ಹಂಚಿಕೆ ಎಲ್ಲ ಕೊಟ್ಟ ಮೇಲೇ ಪತ್ರಿಕೆ ಒಪ್ಪಿಸುವುದು. ಇಲ್ಲೂ ಅದೇ ಮಾಡಿ. ಮೂರು ಅಧ್ಯಾಯ ಪಕ್ಕಕ್ಕಿಟ್ಟು ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಕಳ್ಳನ ಬಾಯಲ್ಲೇ ನಾಲ್ಕು ಪುಟ ಬರೆಯಿರಿ. 'ನಾನು ಬುಧವಾರ ಮೂರು ಗಂಟೆಗೆ ಹಿಂಬಾಗಿಲಿಂದ ಒಳಗೆ ಹೋದೆ' ಅಂತ. ಯಾಕೆ ಮಾಡಿದ, ಯಾರಿಗೆ ಏನು ಸುಳ್ಳು ಹೇಳಿದ, ಏನು ಮರೆತು ಬಿಟ್ಟುಬಂದ, ಎಲ್ಲ ಬರಲಿ. ಎದುರು ಪುಟದಲ್ಲಿ ಅದೇ ಹೊತ್ತಿಗೆ ಊರವರು ಕಂಡದ್ದೇನು ಅಂತ ಬರೆದುಕೊಳ್ಳಿ. ಈ ಎರಡು ಪುಟಗಳ ನಡುವಿನ ವ್ಯತ್ಯಾಸವೇ ನಿಮ್ಮ ಕಾದಂಬರಿ.

ಇದು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಪತ್ತೇದಾರಿ ಕಥೆ ಬರೆದಾಗ ನಾನೂ ಮಾಸ್ತರನೇ. ಹಸ್ತಪ್ರತಿಯನ್ನು ಧಾರವಾಡದಲ್ಲಿ ಡಿಟಿಪಿಗೆ ಕೊಟ್ಟಿದ್ದೆ. ಮೂರನೇ ದಿನ ಡಿಟಿಪಿ ಹುಡುಗ ಫೋನ್ ಮಾಡಿದ. 'ಸರ್, ಈ ಮನಷ್ಯಾ ಗುರುವಾರ ಹುಬ್ಬಳ್ಳಿಗೆ ಹೋಗಿದ್ನಲ್ರೀ, ಹತ್ತೊಂಬತ್ತನೇ ಅಧ್ಯಾಯದಾಗ ಊರಾಗ ಹೆಂಗ ಸಿಕ್ಕಾ?' ಐದು ಅಧ್ಯಾಯ ತಿರುಗಿ ಬರೆದೆ.

ಈ ನೋಟ್‌ಬುಕ್ ಇದ್ದರೆ ಸಮಯದ ತೊಂದರೆ ಅರ್ಧ ಕರಗುತ್ತದೆ. ಕಥೆಯನ್ನು ಸಾಲಾಗಿಯೇ ಬರೆಯಬೇಕೆಂದಿಲ್ಲ. ಶಾಲೆ ಇರುವ ದಿನಗಳಲ್ಲಿ ಸಣ್ಣ ದೃಶ್ಯಗಳನ್ನು ಹಿಡಿಯಿರಿ. ಚಹಾದಂಗಡಿ ಮಾತು, ಬಸ್ಸಿನಲ್ಲಿ ಕೇಳಿದ ಸುದ್ದಿ, ಬಿಸಿಯೂಟದ ಹೊತ್ತಿನ ಜಗಳ. ಇಡೀ ಊರೇ ಸೇರುವ ದೊಡ್ಡ ದೃಶ್ಯ ಮತ್ತು ಕೊನೆಯ ಗುಟ್ಟು ಬಿಡಿಸುವ ಅಧ್ಯಾಯ, ಇವೆರಡನ್ನೇ ರಜೆಗೆ ಇಟ್ಟುಕೊಳ್ಳಿ. ಅವಕ್ಕೆ ಒಂದೇ ಸಮ ಕೂರಬೇಕು. ದಿನಕ್ಕೆ 250 ಪದ, ವಾರಕ್ಕೆ ಐದು ದಿನ ಅಂದರೆ 40,000 ಪದಕ್ಕೆ 32 ವಾರ. ನಡುವೆ ಪರೀಕ್ಷೆ, ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ), ಗಣತಿ ಕೆಲಸ ಅಂತ ವಾರಗಳು ಹೋದರೂ ಜೂನ್‌ನಲ್ಲಿ ಹಿಡಿದದ್ದು ಏಪ್ರಿಲ್‌ಗೆ ಒಂದು ದಡ ಸೇರುತ್ತದೆ. ಉತ್ತರಪತ್ರಿಕೆ ಮೌಲ್ಯಮಾಪನದ ವಾರಗಳಲ್ಲಿ ಮಾತ್ರ ಬರೆಯಲು ಹೋಗಬೇಡಿ. ಆಗ ತಲೆಯಲ್ಲಿ ಬರೀ ಅಂಕ ಓಡುತ್ತಿರುತ್ತವೆ.

ಅಂದಹಾಗೆ, ನಿಮ್ಮ ಪಕ್ಕದ ಹಾವೇರಿ ಸೀಮೆಯ ಗಳಗನಾಥರೂ ಶಾಲಾ ಮಾಸ್ತರರೇ. ಕಾದಂಬರಿ ಬರೆದು ಸುಮ್ನೆ ಕೂರದೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಮಗೆ ಆ ಹೊರೆಯಾದರೂ ಇಲ್ಲ, ಅಲ್ವಾ?

ಪ್ರಶ್ನೆ: ಕೊಲೆ ಇಲ್ಲದಿದ್ದರೆ ಓದುಗರು ಕೂರುತ್ತಾರೆಯೇ? ಕೊಲೆ ಇಟ್ಟರೆ ಪೊಲೀಸರು ಬರುತ್ತಾರೆ, ಆಮೇಲೆ ಗುಟ್ಟು ಬಿಡಿಸಬೇಕಾದ ನನ್ನ ಕಥೆಯ ಮಾಸ್ತರಿಗೇನು ಕೆಲಸ? ಇನ್ನೊಂದು ತಕರಾರು. ನಾನು ಇಟ್ಟ ಸುಳಿವನ್ನೆಲ್ಲ ನನ್ನ ಹೆಂಡತಿ ಎರಡನೇ ಅಧ್ಯಾಯಕ್ಕೇ ಹಿಡಿದುಬಿಡುತ್ತಾಳೆ.
— ಪ್ರಾಥಮಿಕ ಶಾಲಾ ಶಿಕ್ಷಕ, ಹಾವೇರಿ

ಉತ್ತರ: ನಿಮ್ಮ ಮನೆಯವರನ್ನು ಕಾಯಂ ಮೊದಲ ಓದುಗರನ್ನಾಗಿ ಇಟ್ಟುಕೊಳ್ಳಿ ಸರ್. ಅಂಥವರು ಸಿಗುವುದು ಕಷ್ಟ.

ಕೊಲೆ ಬೇಕೇ ಬೇಕು ಅಂತಿಲ್ಲ. ಮರ್ಯಾದೆ ಹೋಗುವ ಭಯ ಇದ್ದರೆ ಸಾಕು. ಸಣ್ಣ ಊರಲ್ಲಿ ಅದು ಕೊಲೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಸಾವು ಇಡಲೇಬೇಕಾದರೆ ಕಾನೂನಿನಲ್ಲೇ ನಿಮಗೊಂದು ಬಾಗಿಲು ತೆರೆದಿದೆ. ಅಸಹಜ ಸಾವಾದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ ಸ್ಥಳಕ್ಕೆ ಬರುತ್ತಾರೆ. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ನಡೆಯುತ್ತದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದೇ 174 ಆಗಿತ್ತು. ಶವ ಪಂಚನಾಮೆಗೆ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರು ಎದುರಿಗಿರಬೇಕು. ಹಳ್ಳಿಯಲ್ಲಿ ಗೌರವಸ್ಥರು ಅಂದರೆ ಮೊದಲು ಯಾರ ನೆನಪಾಗುತ್ತದೆ? ಮಾಸ್ತರರನ್ನೇ ಪಂಚರನ್ನಾಗಿ ಕರೆಸಿ. ಕೋಣೆಯೊಳಗೆ ಹೋಗಲು, ನೋಡಲು, ಸಹಿ ಹಾಕಲು ಕಾರಣ ಸಿಕ್ಕಿತು. ಪೊಲೀಸರನ್ನು ದಡ್ಡರನ್ನಾಗಿ ಮಾಡುವ ಹಳೆಯ ಚಾಳಿಯೂ ಬೇಡ. ಅವರಿಗೆ ಇನ್ನೂ ಹತ್ತು ಕೇಸಿರುತ್ತವೆ, ನಿಮ್ಮ ಮಾಸ್ತರರಿಗೆ ಇದೊಂದೇ.

ಈಗ ಸುಳಿವಿನ ಮಾತು. ಇದನ್ನು ನಿಮ್ಮ ಊರಿನ ಸಾಮಾನಿನಿಂದಲೇ ತೋರಿಸುತ್ತೇನೆ. ಶಾಲೆಯ ಗ್ಯಾದರಿಂಗ್. ಅತಿಥಿಗಳಿಗೆಂದು ತರಿಸಿದ್ದ ಹಾವೇರಿಯ ಏಲಕ್ಕಿ ಹಾರ ಬೀರುವಿನಿಂದ ಮಾಯ. ಎಲ್ಲರೂ ಹಾರ ಹುಡುಕುತ್ತಾರೆ. ನಿಜವಾಗಿ ಹೋಗಿರುವುದು ಅದೇ ಬೀರುವಿನಲ್ಲಿದ್ದ ಕಟ್ಟಡ ನಿಧಿಯ ಹಳೆಯ ಪಾವತಿ ಪುಸ್ತಕ. ಹಾರ ತೆಗೆದದ್ದು, ಹುಡುಗರ ಚೇಷ್ಟೆ ಅನ್ನಿಸಲಿ ಅಂತ. ಕಳ್ಳ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ಶಾಲೆಗೆ ದಾನ ಕೊಟ್ಟವರು. ಅವರು ಸಂಜೆ ಬರುವ ದೃಶ್ಯ ಹೀಗಿರಲಿ:

'ಬಿಳಿ ಅಂಗಿ, ಬಿಳಿ ಧೋತರ ಉಟ್ಟ ಸಾಹುಕಾರರು ಒಳಗೆ ಬಂದರು. "ಮುಂಜಾನಿಂದ ಬ್ಯಾಡಗಿ ಪ್ಯಾಟ್ಯಾಗ ನಿಂತು ನಿಂತು ಕಾಲು ಬಿದ್ದು ಹೋದುವ್ರೀ ಸರ್" ಎನ್ನುತ್ತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದರು. ಕುರ್ಚಿಯ ಕಾಲು ಮುರಿಯಿತು. ಮಕ್ಕಳು ಹೋ ಎಂದು ಕೂಗಿದರು. ಹೆಡ್‌ಮಾಸ್ತರರು ನಗು ತಡೆಯಲಾಗದೆ ಮೈಕು ಬಂದ್ ಮಾಡಲು ಓಡಿದರು.'

ಇಲ್ಲಿ ಎರಡು ಸುಳಿವಿವೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ದಿನವಿಡೀ ಚೀಲಗಳ ನಡುವೆ ನಿಂತವರ ಧೋತರ ಅಷ್ಟು ಬೆಳ್ಳಗೆ ಉಳಿಯುವುದಿಲ್ಲ. ಎರಡನೆಯದು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಗ್ಯಾದರಿಂಗ್ ಬುಧವಾರ ಅಂತ ಹತ್ತು ಪುಟ ಹಿಂದೆಯೇ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಟೆಂಡರ್ ದಿನ ಗೊತ್ತಿಲ್ಲದ ಬೆಂಗಳೂರಿನ ಓದುಗರಿಗಾಗಿ ಮೊದಲೇ ಯಾರದೋ ಬಾಯಲ್ಲಿ, ಬೇರೆ ಯಾವುದೋ ವಿಷಯಕ್ಕೆ, ಅದನ್ನು ಆಡಿಸಿಬಿಡಿ. ಎಲ್ಲವೂ ಓದುಗರ ಕಣ್ಣೆದುರೇ ಇದೆ, ಮೋಸ ಇಲ್ಲ. ಆದರೆ ಕುರ್ಚಿ ಮುರಿದಾಗ ಅವರು ನಕ್ಕರು. ನಕ್ಕವರು ಹಿಂದಿನ ಸಾಲು ಮತ್ತೆ ಓದುವುದಿಲ್ಲ. ನಿಮ್ಮ ಮನೆಯವರು ಹಿಡಿಯುತ್ತಿರುವುದು ಬಹುಶಃ ನೀವು ಸುಳಿವಿನ ಸಾಲಿಗೆ ಅಧ್ಯಾಯ ಮುಗಿಸುತ್ತಿರುವುದಕ್ಕೆ. ಸುಳಿವಿನ ಮೇಲೆ ಎಂದೂ ಅಧ್ಯಾಯ ನಿಲ್ಲಿಸಬೇಡಿ. ಅದರ ಮೇಲೆ ಒಂದು ನಗುವನ್ನೋ ಜಗಳವನ್ನೋ ಮುಚ್ಚಿ.

ಶಾಲೆಯ ದಫ್ತರಗಳನ್ನೂ ನೋಡಿ. ಹಾಜರಿ ಪುಸ್ತಕ, ಬಿಸಿಯೂಟದ ದಾಸ್ತಾನು, ಎಲ್ಲಕ್ಕಿಂತ ಮೇಲಾಗಿ ಚಲನವಲನ ವಹಿ. ಯಾರು ಎಷ್ಟು ಗಂಟೆಗೆ ಬಿಇಒ ಕಚೇರಿಗೆ ಹೋದರು, ಎಷ್ಟಕ್ಕೆ ಬಂದರು ಅಂತ ತಮ್ಮ ಕೈಯಾರೆ ಬರೆದಿರುತ್ತಾರೆ. ಪತ್ತೇದಾರಿ ಲೇಖಕನಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಸರ್ಕಾರ ಇನ್ನೊಂದು ಕೊಟ್ಟಿಲ್ಲ!

ಪ್ರಶ್ನೆ: ಸಹೋದ್ಯೋಗಿಗಳು ತಮ್ಮನ್ನೇ ಬರೆದಿದ್ದಾರೆ ಅಂದುಕೊಂಡರೆ? ಕಾವ್ಯನಾಮ ಇಟ್ಟುಕೊಳ್ಳಲೇ? ಇಲಾಖೆ ಅನುಮತಿ ಬೇಕಾ?
— ಸರ್ಕಾರಿ ಶಾಲಾ ಶಿಕ್ಷಕಿ, ಧಾರವಾಡ

ಉತ್ತರ: ಅಂದುಕೊಳ್ಳುತ್ತಾರೆ. 'ಏನ್ರೀ ಅಕ್ಕೋರ, ನಮ್ಮನ್ನೂ ಹಾಕೀರೇನು ಪುಸ್ತಕದಾಗ?' ಅಂತ ಕೇಳಿಯೂ ಕೇಳುತ್ತಾರೆ. ಒಬ್ಬರ ನಡಿಗೆ, ಇನ್ನೊಬ್ಬರ ಜಿಪುಣತನ, ಮೂರನೆಯವರ ಟಿಫಿನ್ ಡಬ್ಬಿ ಸೇರಿಸಿ ಒಂದು ಪಾತ್ರ ಮಾಡಿ. ಜನ ಗುರುತು ಹಿಡಿಯುವುದು ಸ್ವಭಾವದಿಂದಲ್ಲ, ಗಾಡಿ, ಮನೆ ಇರುವ ಓಣಿ, ಮಾತಿನ ಪಲ್ಲವಿ ಇಂಥವುಗಳಿಂದ. ಅವನ್ನು ಬದಲಿಸಿ. ಕಳ್ಳನ ಪಾತ್ರಕ್ಕಂತೂ ನಿಮ್ಮ ಶಾಲೆಯ ಯಾರ ನೆರಳೂ ಬೇಡ. ಮಕ್ಕಳ ವಿಷಯ ಇನ್ನೂ ಕಟ್ಟುನಿಟ್ಟು. ಕ್ಲಾಸಿನ ಮಗು ನಂಬಿ ಹೇಳಿದ ಮನೆಯ ಸಂಗತಿ ಎಷ್ಟೇ ಚೆನ್ನಾಗಿದ್ದರೂ ಕಥೆಗೆ ಬರಬಾರದು.

ಕಾವ್ಯನಾಮ ಇಟ್ಟುಕೊಳ್ಳಬಹುದು. ಆದರೆ ಧಾರವಾಡದಲ್ಲಿ ಅದು ಒಂದು ವಾರಕ್ಕಿಂತ ಹೆಚ್ಚು ಗುಟ್ಟಾಗಿ ಉಳಿಯುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಪ್ರಕಾಶಕರ ಜೊತೆಗಿನ ಕರಾರಿನಲ್ಲಿ ನಿಜವಾದ ಹೆಸರೇ ಇರಲಿ. ಲೇಖಕರ ಹೆಸರು ಬಹಿರಂಗವಾಗಿದ್ದರೆ ಕೃತಿಸ್ವಾಮ್ಯ ಅವರ ಆಯುಷ್ಯ ಮತ್ತು ಆಮೇಲಿನ 60 ವರ್ಷ. ಗುಟ್ಟಾಗಿಯೇ ಉಳಿದ ಕಾವ್ಯನಾಮದ ಕೃತಿಗೆ ಪ್ರಕಟವಾದಲ್ಲಿಂದ 60 ವರ್ಷ ಮಾತ್ರ.

ಅನುಮತಿಯ ವಿಷಯದಲ್ಲಿ ಕಾವ್ಯನಾಮ ನಿಮ್ಮನ್ನು ಕಾಯುವುದಿಲ್ಲ. ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ. 'ಬರೀ ಕಥೆ ತಾನೆ' ಅಂತ ಬಿಡಬೇಡಿ. ಅಚ್ಚಿಗೆ ಕೊಡುವ ಮೊದಲೇ ಹೆಡ್‌ಮಾಸ್ತರರ ಮೂಲಕ ಮೇಲಿನ ಕಚೇರಿಗೆ ಅರ್ಜಿ ಹಾಕಿ. ಪುಸ್ತಕದ ಹೆಸರು, ಇದು ಕಾಲ್ಪನಿಕ ಕಾದಂಬರಿ, ಶಾಲೆಯ ಹೊತ್ತಿನ ಹೊರಗೆ ಬರೆದದ್ದು, ಗೌರವಧನ ಬಂದರೆ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುತ್ತೇನೆ, ಇಷ್ಟು ಸಾಕು. ಅನುದಾನಿತ ಶಾಲೆಯವರು ಆಡಳಿತ ಮಂಡಳಿಗೂ ಒಂದು ಪ್ರತಿ ಕೊಡಿ. ಅರ್ಜಿಯನ್ನು ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬಂದು ಹಸ್ತಪ್ರತಿಯ ಜೊತೆಗೇ ಇಟ್ಟುಕೊಳ್ಳಿ.