ಮುಳ್ಳು ಯಾಕೆ ಬಿತ್ತು?

ಚಿಂತಾಮಣಿಯ ಗೆಳೆಯರಿಗೆ ನಮಸ್ಕಾರ,

ನೀವು ಕಳಿಸಿದ ‘ಕಲ್ಲು ಸೀಳುವ ನೀರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1947ರಲ್ಲಿ ಅಮೆರಿಕದ ಕಾನ್ಸಾಸ್‌ನ ಗ್ಯಾಸ್ ಬಾವಿಯಲ್ಲಿ, ನೆಲದೊಳಗಿನ ಕಲ್ಲನ್ನು ದ್ರವದ ಒತ್ತಡದಿಂದ ಸೀಳುವ ಮೊದಲ ಪ್ರಯೋಗ ನಡೆಯಿತು ಅಂತ ಶುರು ಮಾಡಿದ್ದೀರಿ. ಮಾಹಿತಿ ಸರಿಯಾಗಿಯೇ ಇದೆ. ಆದರೆ ಐದು ಪ್ಯಾರಾ ನಮ್ಮನ್ನು ಕಾನ್ಸಾಸ್‌ನಲ್ಲೇ ಸುತ್ತಿಸಿ, ಆರನೆಯದರಲ್ಲಿ ನಿಮ್ಮ ದೊಡ್ಡಪ್ಪನ ತೋಟಕ್ಕೆ ಕರೆದುಕೊಂಡು ಬರುತ್ತೀರಿ. ಬತ್ತಿದ ಬೋರಿಗೆ ರಬ್ಬರ್ ಪ್ಯಾಕರ್ (ಬೋರನ್ನು ನಡುವೆ ಬಿಗಿಯಾಗಿ ಮುಚ್ಚುವ ಬಿರಡೆ) ಇಳಿಸಿ, ಅದರ ಕೆಳಗೆ ನೀರು ನುಗ್ಗಿಸುತ್ತಿದ್ದಾರೆ. ಒತ್ತಡದ ಮೀಟರಿನ ಮುಳ್ಳು ಏರಿ ಏರಿ, ಥಟ್ಟನೆ ಕೆಳಗೆ ಬೀಳುತ್ತದೆ. “ದೊಡ್ಡಪ್ಪ ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದರು” ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾನು ಖುಷಿಯಿಂದ ಗೆರೆ ಎಳೆದದ್ದು ಇದೊಂದೇ ಸಾಲಿಗೆ. ಮುಂದಿನ ಸಾಲಿನಲ್ಲಿ ನೋಡಿದರೆ ಮತ್ತೆ ಕಾನ್ಸಾಸ್!

ಅಲ್ಲೇ ನಿಲ್ಲಿ. ಮುಳ್ಳು ಯಾಕೆ ಬಿತ್ತು? ಮುಚ್ಚಿದ ಜಾಗದಲ್ಲಿ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ. ಕಲ್ಲು ಬಾಯಿ ಬಿಟ್ಟ ಗಳಿಗೆಯಲ್ಲಿ ನೀರು ಅದರೊಳಗೆ ನುಗ್ಗುತ್ತದೆ, ಮುಳ್ಳು ಇಳಿಯುತ್ತದೆ. ಇಷ್ಟು ಹೇಳಲು ‘ಜಲೀಯ ವಿದಾರಣ ಪ್ರಕ್ರಿಯೆ’ ಯಾಕೆ ಬೇಕು?

“ಬಿರುಕು ಜೇಡರ ಬಲೆಯಂತೆ ಎಲ್ಲ ದಿಕ್ಕಿಗೂ ಹರಡುತ್ತದೆ” ಎಂಬುದು ತಪ್ಪು. ಬಿರುಕು ಸೋಮಾರಿ. ನೆಲದೊಳಗಿನ ಕಲ್ಲನ್ನು ಮೇಲಿನಿಂದಲೂ ಅಕ್ಕಪಕ್ಕದಿಂದಲೂ ಭಾರ ಹಿಂಡುತ್ತಿರುತ್ತದೆ. ಯಾವ ಕಡೆಯ ಹಿಡಿತ ಎಲ್ಲಕ್ಕಿಂತ ಸಡಿಲವೋ, ಬಿರುಕಿನ ಎರಡು ಗೋಡೆಗಳು ಆ ಕಡೆಗೆ ಸರಿಯುತ್ತವೆ. ‘ಭಯಂಕರ ಒತ್ತಡ’ ಅನ್ನುವ ಬದಲು ಲೆಕ್ಕ ಕೊಡಿ: 100 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಚದರ ಸೆಂಟಿಮೀಟರಿಗೆ ಸುಮಾರು 26 ಕಿಲೋ. ತುಂಬ ಆಳಕ್ಕೆ ಹೋದರೆ ಸಾಮಾನ್ಯವಾಗಿ ಮೇಲಿನ ಭಾರವೇ ಜಾಸ್ತಿ, ಹಾಗಾಗಿ ಬಿರುಕು ಗೋಡೆಯ ಹಾಗೆ ನಿಲ್ಲುತ್ತದೆ. ನೆಲದ ಹತ್ತಿರ ಮೇಲಿನ ಭಾರ ಕಡಿಮೆ, ಅಲ್ಲಿ ಬಿರುಕು ಮಲಗುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವವರು ನಮ್ಮ ಕಡೆ ಇದ್ದಾರಲ್ಲ, ಅವರ ಜೊತೆ ಒಂದು ಬೆಳಗ್ಗೆ ಕೂತು, ಮಲಗಿದ ಬಿರುಕು ಹೇಗಿರುತ್ತದೆ ಅಂತ ನೋಡಿ ಬನ್ನಿ. ಬಿರುಕಿನ ದಿಕ್ಕನ್ನು ಹಿಡಿತವೇ ನಿರ್ಧರಿಸುತ್ತದೆ ಎಂಬುದನ್ನು 1957ರಲ್ಲಿ ಹಬರ್ಟ್ ಮತ್ತು ವಿಲಿಸ್ ಎಂಬ ಸಂಶೋಧಕರು ಜೆಲಾಟಿನ್ ಮುದ್ದೆಯೊಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ನುಗ್ಗಿಸಿ ತೋರಿಸಿದ್ದರು. ಹಿಂಡುವ ದಿಕ್ಕು ಬದಲಾದರೆ ಬಿರುಕಿನ ದಿಕ್ಕೂ ಬದಲಾಯಿತು.

ಪದರಗಳ ವಿಷಯದಲ್ಲಿ ಅವಸರ ಮಾಡಿದ್ದೀರಿ. “ಗಟ್ಟಿ ಪದರ ಸಿಕ್ಕಿದರೆ ಬಿರುಕು ನಿಲ್ಲುತ್ತದೆ” ಅನ್ನುವುದು ಅರ್ಧ ಮಾತು. ಅಮೆರಿಕದ ನೆವಾಡಾದಲ್ಲಿ ಹೀಗೆ ಬಿರುಕು ಬಿಡಿಸಿದವರು ಆಮೇಲೆ ಸುರಂಗ ತೋಡಿಕೊಂಡು ಹೋಗಿ ಅದನ್ನು ಕಣ್ಣಾರೆ ನೋಡಿದರು. ಪದರದ ಗಟ್ಟಿತನಕ್ಕಿಂತ, ಆ ಪದರವನ್ನು ಅಕ್ಕಪಕ್ಕದಿಂದ ಎಷ್ಟು ಬಿಗಿಯಾಗಿ ಹಿಂಡಲಾಗಿದೆ ಎಂಬುದೇ ಬಿರುಕನ್ನು ಜಾಸ್ತಿ ತಡೆಯುತ್ತದೆ ಅಂತ ಗೊತ್ತಾಯಿತು. ಎರಡು ಪದರಗಳ ಅಂಟು ಸಡಿಲವಿದ್ದರೆ ಇನ್ನೊಂದು ಮಜಾ. ನೀರು ಆ ಸಂದಿಯಲ್ಲೇ ಹರಿದು ಬಿರುಕು ಅಡ್ಡ ತಿರುಗುತ್ತದೆ. ಕೆಲವೊಮ್ಮೆ ಸ್ವಲ್ಪ ಪಕ್ಕಕ್ಕೆ ಸರಿದು, ಮೆಟ್ಟಿಲು ಹತ್ತಿದ ಹಾಗೆ ಮತ್ತೆ ಮೇಲೇರುತ್ತದೆ. ಇದಕ್ಕೆ ಎರಡು ಪ್ಯಾರಾ ಕೊಡಿ, ಕಾನ್ಸಾಸಿಗೆ ಎರಡು ಸಾಲು ಸಾಕು.

ಇನ್ನೊಂದು ದೊಡ್ಡ ಎಡವಟ್ಟು ನಿಮ್ಮ ಚಿತ್ರದಲ್ಲಿದೆ. ಕಾನ್ಸಾಸ್‌ನ ಚಪ್ಪಟೆ ಪದರಗಳನ್ನು ಸುಮ್ನೆ ಎತ್ತಿ ಚಿಂತಾಮಣಿಯ ಕೆಳಗೆ ಇಟ್ಟಿದ್ದೀರಿ! ನಮ್ಮದು ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆ ಪಟ್ಟೆ ಕಲ್ಲಿನ ಬಂಡೆಗಳ ಸೀಮೆ. ಪಕ್ಕದ ಕೆಜಿಎಫ್ ಗಣಿಗಳ ಶಿಸ್ಟ್ (ಹಾಳೆ ಹಾಳೆಯಾಗಿ ಬಿಡುವ ಕಲ್ಲು) ಪದರಗಳು ಕಡಿದಾಗಿ ಓರೆಯಾಗಿ ನಿಂತಿವೆ. ಇಲ್ಲಿ ನೀರು ಇರುವುದೇ ಹಳೆಯ ಸೀಳುಗಳಲ್ಲಿ. ರಿಗ್ಗಿನವರು “ಗ್ಯಾಪ್ ಸಿಕ್ತು” ಅಂತಾರಲ್ಲ, ಅವೇ. ನಿಮ್ಮ ದೊಡ್ಡಪ್ಪನ ಬೋರಿನಲ್ಲಿ ಹೊಸ ಕಲ್ಲು ಒಡೆಯಿತೋ, ಕಟ್ಟಿಕೊಂಡಿದ್ದ ಹಳೆಯ ಸೀಳು ತೆರೆಯಿತೋ? ಅದನ್ನು ತಿಳಿಯಲು ಒಂದು ದಾರಿ ಇದೆ. ಎರಡನೇ ಸಲ ಒತ್ತಡ ಕೊಟ್ಟಾಗ ಮುಳ್ಳು ಎಲ್ಲಿವರೆಗೆ ಏರಿತು ಅಂತ ವಿಚಾರಿಸಿ. ಮೊದಲಿಗಿಂತ ಚೆನ್ನಾಗಿ ಕಡಿಮೆಯಿದ್ದರೆ ಮೊದಲ ಸಲ ಒಡೆದದ್ದು ಸೀಳಿಲ್ಲದ ಗಟ್ಟಿ ಕಲ್ಲು. ಹೆಚ್ಚುಕಡಿಮೆ ಅಷ್ಟೇ ಇದ್ದರೆ ಹಳೆಯ ಸೀಳು ಇರಬಹುದು.

‘ನೀರೇ ಜೀವಾಮೃತ’ ಎಂಬ ಕೊನೆಯ ಪ್ಯಾರಾ ತೆಗೆದುಬಿಡಿ. ಆ ಜಾಗದಲ್ಲಿ ಬೇರೆಯದೇ ಬರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಮೊದಲು ಕೇಳುವುದು ಒಂದೇ: ಆ ಬೋರಿನಲ್ಲಿ ಕೊನೆಗೆ ಎಷ್ಟು ಇಂಚು ನೀರು ಬಂತು? ಇಷ್ಟುದ್ದ ಬರೆದು ಅದನ್ನೇ ಬಿಟ್ಟಿದ್ದೀರಲ್ಲ ಸ್ವಾಮಿ!